ಕುಜಬಲ ಮತ್ತು ಎರಡನೆಯ ಬ್ರೇಕು

ಕಾರು ಕಲಿಸುವವರು ಮೊದಲ ದಿನ ಕೇಳುವ ಪ್ರಶ್ನೆಗಳು ಎಲ್ಲ ಕಡೆಯೂ ಒಂದೇ. ಸೈಕಲ್ಲಾದರೂ ಓಡಿಸಿ ಗೊತ್ತಿದೆಯೇ, ಕಣ್ಣು ನೆಟ್ಟಗೆ ಕಾಣುತ್ತದೆಯೇ, ಬೆಳಿಗ್ಗೆ ಬರುತ್ತೀರೋ ಸಂಜೆಯೋ. ಗ್ರಹದಕ್ಕ ಇವೆಲ್ಲ ಮುಗಿದ ಮೇಲೆ, ಸೀಟು ಬೆಲ್ಟು ಎಳೆದುಕೊಳ್ಳುತ್ತ, ಏನೋ ಸುಮ್ಮನೆ ನೆನಪಾಯಿತು ಎಂಬಂತೆ ಇನ್ನೊಂದನ್ನು ಕೇಳುತ್ತಿದ್ದಳು: ಹುಟ್ಟಿದ್ದು ಎಷ್ಟು ಗಂಟೆಗೆ? ಬಂದವರು ಕಕ್ಕಾಬಿಕ್ಕಿ. ಲೈಸೆನ್ಸಿಗೆ ಹುಟ್ಟಿದ ತಾರೀಖು ಸಾಕಲ್ಲ, ಗಂಟೆ ಯಾಕೆ ಎಂದು ಕೆಲವರು ವಾದಿಸುತ್ತಿದ್ದರು. ಬೇಕಾಗುತ್ತದೆ, ಇರಲಿ ಎಂದು ಅವಳು ತೇಲಿಸುತ್ತಿದ್ದಳು. ಗಂಟೆ ಗೊತ್ತಿಲ್ಲದವರು ಮನೆಗೆ ಹೋಗಿ ಅಮ್ಮನ ತಲೆ ತಿಂದು, ಅಮ್ಮ ಚಿಕ್ಕಮ್ಮನ ತಲೆ ತಿಂದು, ಅಂತೂ ಮರುದಿನದೊಳಗೆ ಒಂದು ಗಂಟೆ ಹುಟ್ಟಿಕೊಳ್ಳುತ್ತಿತ್ತು.

ಅವಳ ನಿಜವಾದ ಹೆಸರು ಡ್ರೈವಿಂಗ್ ಶಾಲೆಯ ಫಲಕದ ಮೇಲೆ ದೊಡ್ಡಕ್ಷರದಲ್ಲೇ ಇತ್ತು. ಯಾರೂ ಓದುತ್ತಿರಲಿಲ್ಲ. ಗ್ರಹದಕ್ಕ ಎಂದರೆ ಬೀದಿಯ ಕೊನೆಯ ಮನೆಯವರೂ ದಾರಿ ತೋರಿಸುತ್ತಿದ್ದರು. ಅವಳಿಗೂ ಆ ಹೆಸರಿನ ಮೇಲೆ ಒಳಗೊಳಗೇ ಪ್ರೀತಿ, ಹೊರಗೆ ಮಾತ್ರ ಸಿಟ್ಟು.

ಶಾಸ್ತ್ರ ಕಲಿಸಿದವನು ಅವಳ ಸೋದರಮಾವ. ರೈಲ್ವೆ ಸಿಗ್ನಲ್ ಕ್ಯಾಬಿನ್ನಿನಲ್ಲಿ ಅವನಿಗೆ ಕೆಲಸ. ಒಂದು ರೈಲು ಹೋಗಿ ಇನ್ನೊಂದು ಬರುವವರೆಗೆ ಮನುಷ್ಯ ಏನು ಮಾಡಬೇಕು? ಅವನು ಗ್ರಹಗಳನ್ನು ತೂಗುತ್ತಿದ್ದ. ರಜೆಯಲ್ಲಿ ಹೋದ ಸೋದರಸೊಸೆಗೂ ಅದೇ ಚಟ ಅಂಟಿಸಿದ. ಸಾಮಾನ್ಯ ಜೋಯಿಸರು ಯಾವ ಗ್ರಹ ಯಾವ ಮನೆಯಲ್ಲಿದೆ ಎಂದು ನೋಡಿ ಮಾತು ಮುಗಿಸುತ್ತಾರೆ, ಅದಕ್ಕೆ ಶಕ್ತಿ ಎಷ್ಟಿದೆ ಎಂದು ನೋಡುವುದಿಲ್ಲ ಎಂಬುದು ಅವನ ದೂರು. ಹುಲಿ ಹೌದು, ಆದರೆ ಹಲ್ಲಿದೆಯೇ ನೋಡಬೇಡವೇ ಎನ್ನುತ್ತಿದ್ದ. ಷಡ್ಬಲ, ಅಂದರೆ ಗ್ರಹದ ಆರು ಬಗೆಯ ಬಲವನ್ನು ಲೆಕ್ಕ ಹಾಕಿದರೆ ಮನುಷ್ಯನ ಸ್ವಭಾವವೇ ಎದುರಿಗೆ ಬಂದು ಕೂರುತ್ತದಂತೆ. ಸೊಸೆಯ ಜಾತಕ ತೂಗಿ ಅವನು ಅವಳಮ್ಮನಿಗೆ ಹೇಳಿದ್ದು ಇಷ್ಟು: ಇವಳಿಗೆ ಬುಧನ ಬಲ ವಿಪರೀತ, ಪ್ರಶ್ನೆ ಕೇಳಿ ಕೇಳಿ ಸಾಯಿಸುತ್ತಾಳೆ, ಕುಜ ನೀಚ, ಧೈರ್ಯದ ಕೆಲಸಕ್ಕೆ ಹಾಕಬೇಡ.

ಮೊದಲರ್ಧ ಅಕ್ಷರಶಃ ನಿಜವಾಯಿತು. ಎರಡನೆಯದು ನಿಜವಾಗಿದ್ದರೆ ಅವಳು ದಿನಾ ಬೆಳಗಾದರೆ ಬ್ರೇಕು ಯಾವುದು ಕ್ಲಚ್ಚು ಯಾವುದು ಗೊತ್ತಿಲ್ಲದವರ ಪಕ್ಕ ಕೂತು ಬಸ್ಸು ಲಾರಿಗಳ ನಡುವೆ ಹೋಗುತ್ತಿರಲಿಲ್ಲ. ಅದಕ್ಕೂ ಅವಳ ಹತ್ತಿರ ಉತ್ತರವಿತ್ತು. ತನ್ನ ಜಾತಕದಲ್ಲಿ ಚಂದ್ರ ಕೇಂದ್ರದಲ್ಲಿದ್ದಾನೆ, ಹಾಗಾಗಿ ಕುಜನಿಗೆ ನೀಚಭಂಗವಾಗಿದೆ, ಬಿದ್ದವನು ಎದ್ದಿದ್ದಾನೆ. ತನ್ನ ಕುಜನನ್ನು ಎಬ್ಬಿಸಲು ಅವಳು ಪಟ್ಟ ಶ್ರಮವನ್ನು ಬೇರೆಯವರ ಕುಜನಿಗಾಗಿ ಎಂದೂ ಪಟ್ಟವಳಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು.

ಆರು ಬಲಗಳನ್ನು ಅವಳು ಕಾರಿನ ಭಾಷೆಗೆ ತಂದಿದ್ದಳು. ಗಾಡಿ ಎಲ್ಲಿ ನಿಂತಿದೆ, ಸ್ವಂತ ಶೆಡ್ಡಿನಲ್ಲೋ ಕೆಸರಿನಲ್ಲೋ, ಅದು ಸ್ಥಾನಬಲ. ಮೂತಿ ಯಾವ ಕಡೆಗಿದೆ ಎನ್ನುವುದು ದಿಗ್ಬಲ. ಹಗಲಿನ ಗಾಡಿಯೋ ರಾತ್ರಿಯದೋ ಎಂಬುದು ಕಾಲಬಲ. ಕುಜ, ಚಂದ್ರ, ಶನಿ ರಾತ್ರಿ ಪಾಳಿಯವರು. ಓಟದ ರೀತಿ ಚೇಷ್ಟಾಬಲ, ಹುಟ್ಟಾ ಇಂಜಿನ್ನು ಎಷ್ಟು ದೊಡ್ಡದು ಎನ್ನುವುದು ನೈಸರ್ಗಿಕ ಬಲ. ಯಾರು ದುರುಗುಟ್ಟಿ ನೋಡುತ್ತಿದ್ದಾರೆ, ಯಾರು ಅಕ್ಕರೆಯಿಂದ ನೋಡುತ್ತಿದ್ದಾರೆ ಎಂಬುದು ದೃಗ್ಬಲ. ಇವಿಷ್ಟನ್ನೂ ಕೂಡಿದರೆ ಯಾರಿಗೆ ಯಾವ ಪಾಠ ಎಂದು ತಿಳಿಯುತ್ತಿತ್ತು. ಶನಿ ಬಲವಾಗಿದ್ದವರು ತಿರುವಿನಲ್ಲಿ ಎರಡೂ ಕಡೆ ನೋಡಿ ನೋಡಿ ಊಟದ ಹೊತ್ತು ಮಾಡುತ್ತಾರೆ, ಅವರನ್ನು ತಳ್ಳಬೇಕು. ಶುಕ್ರದವರಿಗೆ ಕನ್ನಡಿಯಲ್ಲಿ ಹಿಂದಿನ ಬಸ್ಸಿಗಿಂತ ಮೊದಲು ತಮ್ಮ ಮುಖ ಕಾಣುತ್ತದೆ. ಬುಧದವರಿಗೆ ಮಾತಾಡಲು ಎರಡೂ ಕೈ ಬೇಕು, ಸ್ಟೇರಿಂಗು ಹಿಡಿಯಲು ಮೂರನೆಯದನ್ನು ಎಲ್ಲಿಂದ ತರುವುದು? ಚಂದ್ರ ಕ್ಷೀಣನಾದವರನ್ನು ಗದರಿದರೆ ಬರುವ ಮಳೆಗೆ ವೈಪರ್ ಹಾಕಿಯೂ ಪ್ರಯೋಜನವಿಲ್ಲ. ಗುರು ಬಲದವರು ಎರಡನೆಯ ದಿನದಿಂದ ಗ್ರಹದಕ್ಕನಿಗೇ ಪಾಠ ಹೇಳುತ್ತಿದ್ದರು. ಇನ್ನು ಕುಜ ಬಲದವರು. ಅವರಿಗೆ ಮೊದಲು ಬ್ರೇಕು, ಆಮೇಲೆ ಉಳಿದದ್ದೆಲ್ಲ. ಅವರೇ ಒತ್ತಬೇಕು, ಹೆದರಬೇಕು, ಕಲಿಯಬೇಕು.

ಆಶ್ಚರ್ಯವೆಂದರೆ ಅವಳ ಭವಿಷ್ಯ ಬಹುಪಾಲು ನಿಜವಾಗುತ್ತಿತ್ತು. ಧೈರ್ಯವಂತರು ಎಂದವರು ಸಲೀಸಾಗಿ ಪಾಸಾಗುತ್ತಿದ್ದರು, ಅಂಜುಕುಳಿ ಎಂದವರು ಒದ್ದಾಡುತ್ತಿದ್ದರು. ಅವಳ ಗಂಡನಿಗೆ ಮಾತ್ರ ಇದರಲ್ಲಿ ಎಳ್ಳಷ್ಟೂ ನಂಬಿಕೆಯಿಲ್ಲ. ಅವನು ಮೆಕ್ಯಾನಿಕ್ಕು, ಶಾಲೆಯ ಕಾರಿನ ಹೊಟ್ಟೆಯೊಳಗಿನದೆಲ್ಲ ಅವನ ಜವಾಬ್ದಾರಿ. ನನ್ನ ಜಾತಕದಲ್ಲಿ ಗ್ರೀಸಿಗೆ ಬಲ, ಅದು ಎಲ್ಲ ಮನೆಯಲ್ಲೂ ಇದೆ ಎಂದು ಕೈ ತೋರಿಸುತ್ತಿದ್ದ. ಅವನ ಜೊತೆ ವಾದಕ್ಕಿಳಿದು ಪ್ರಯೋಜನವಿಲ್ಲ ಎಂದು ಅವಳು ಮದುವೆಯಾದ ಹೊಸತರಲ್ಲೇ ಕಲಿತಿದ್ದಳು.

ಹೀಗಿರುವಾಗ ಆಯಾ ಬಂದಳು.

ಆಯಾ ಎಂದರೆ ಮಕ್ಕಳ ಶಾಲೆಯ ವ್ಯಾನಿನಲ್ಲಿ ಹಿಂದೆ ಕೂತು ಮಕ್ಕಳನ್ನು ಹತ್ತಿಸಿ ಇಳಿಸುವವಳು. ನಲವತ್ತರ ಆಸುಪಾಸು, ಮನೆಯಲ್ಲಿ ಓದುವ ಮಗಳು, ಹಾಸಿಗೆ ಹಿಡಿದ ಅತ್ತೆ, ದುಡಿಯುವ ಕೈ ಅವಳದೊಂದೇ. ವ್ಯಾನಿನ ಚಾಲಕ ವಯಸ್ಸಾಗಿ ಕೆಲಸ ಬಿಡುತ್ತಿದ್ದ. ಹೊರಗಿನವನನ್ನು ತರುವ ಬದಲು ಮಕ್ಕಳ ಗುರುತಿರುವ ನೀನೇ ಯಾಕೆ ಓಡಿಸಬಾರದು ಎಂದು ಮುಖ್ಯೋಪಾಧ್ಯಾಯಿನಿ ಕೇಳಿದ್ದಳು. ಷರತ್ತು ಒಂದೇ, ರಜೆ ಮುಗಿದು ಶಾಲೆ ತೆರೆಯುವುದರೊಳಗೆ ಲೈಸೆನ್ಸು ಕೈಯಲ್ಲಿರಬೇಕು. ಇಲ್ಲದಿದ್ದರೆ ಬೇರೆಯವರು ಬರುತ್ತಾರೆ, ಆಯಾ ಹಿಂದಿನ ಸೀಟಿನಲ್ಲೇ ಮುದುಕಿಯಾಗುತ್ತಾಳೆ.

ಹುಟ್ಟಿದ ಗಂಟೆ ಅವಳಿಗೆ ಸರಿಯಾಗಿ ಗೊತ್ತಿತ್ತು. ಗ್ರಹದಕ್ಕ ಮನೆಗೆ ಬಂದು ಪೆನ್ಸಿಲ್ ಹಿಡಿದು ಕೂತಳು. ಮೇಷ ಲಗ್ನ, ಲಗ್ನಾಧಿಪತಿ ಕುಜ. ಆ ಕುಜ ಹೋಗಿ ಕೂತದ್ದು ಕರ್ಕಾಟಕದಲ್ಲಿ, ಅಂದರೆ ನೀಚ, ಸ್ಥಾನಬಲ ಹೋಯಿತು. ಅದು ನಾಲ್ಕನೆಯ ಮನೆ, ದಿಗ್ಬಲವೂ ಹೋಯಿತು. ಹುಟ್ಟಿದ್ದು ಹಗಲಿನಲ್ಲಿ, ಕಾಲಬಲವೂ ಇಲ್ಲ. ಇಷ್ಟು ಸೋತ ಕುಜನನ್ನು ಅವಳು ಈವರೆಗೆ ಕಂಡಿರಲಿಲ್ಲ. ಪಾಪ ಅನ್ನಿಸಿತು. ಜೊತೆಗೇ, ಸುಳ್ಳೇಕೆ, ಅಪರೂಪದ ಚಿಟ್ಟೆ ಕಂಡವಳ ಸಂತೋಷವೂ ಆಯಿತು. ಇಂಥ ಜಾತಕದವಳು ಸ್ಟೇರಿಂಗಿನ ಹಿಂದೆ ಹೇಗಿರುತ್ತಾಳೆ ಎಂದು ನೋಡುವ ಕುತೂಹಲದಲ್ಲಿ ಮರುದಿನ ಅರ್ಧ ಗಂಟೆ ಮೊದಲೇ ಹೋದಳು.

ಆಯಾ ಜಾತಕ ಹೇಳಿದ ಹಾಗೇ ಇದ್ದಳು. ಅಥವಾ ಗ್ರಹದಕ್ಕನಿಗೆ ಹಾಗೆ ಕಂಡಳು. ಸ್ಟೇರಿಂಗನ್ನು ಬಿಸಿ ಪಾತ್ರೆ ಹಿಡಿದ ಹಾಗೆ ಹಿಡಿಯುತ್ತಿದ್ದಳು. ಹೊಸಬರು ಯಾರು ಹಾಗೆ ಹಿಡಿಯುವುದಿಲ್ಲ ಎಂದು ಕೇಳಬೇಡಿ. ಒಮ್ಮೆ ಮಾತಿನ ನಡುವೆ ಅವಳು ಹಳೆಯ ಸಂಗತಿಯೊಂದನ್ನು ಹೇಳಿದಳು. ಶಾಲೆಯ ಮುಂದೆ ಮಕ್ಕಳು ರಸ್ತೆ ದಾಟುವಾಗ ಲಾರಿಯೊಂದು ನುಗ್ಗಿ ಬಂದಿತ್ತಂತೆ. ಇವಳು ನಡುರಸ್ತೆಗೆ ಹೋಗಿ ಕೈ ಅಡ್ಡ ಹಿಡಿದು ನಿಂತುಬಿಟ್ಟಳಂತೆ. ಲಾರಿ ಮೂಗಿನ ಹತ್ತಿರ ಬಂದು ನಿಂತಿತಂತೆ. ಬೇರೆ ಯಾರಾದರೂ ಇದನ್ನು ಕೇಳಿ ಈ ಹೆಂಗಸಿಗೆ ಎದೆಗಾರಿಕೆ ಇದೆ ಎನ್ನುತ್ತಿದ್ದರು. ಗ್ರಹದಕ್ಕ ಯೋಚಿಸಿ, ಅದು ಕುಜನದಲ್ಲ, ಧೈರ್ಯದ ಮನೆಯಾದ ಮೂರನೆಯ ಮನೆಯ ಮೇಲೆ ಗುರುವಿನ ದೃಷ್ಟಿಯಿದೆಯಲ್ಲ, ಆ ಗಳಿಗೆಗೆ ಅದು ಕೆಲಸ ಮಾಡಿದೆ ಎಂದು ತೀರ್ಮಾನಿಸಿದಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಪಾಠವೇನೋ ಚೆನ್ನಾಗಿಯೇ ನಡೆಯಿತು. ಗೇರು ಬಂತು, ತಿರುವು ಬಂತು, ಹಿಂದಕ್ಕೆ ಹೋಗುವುದಂತೂ ಬೇಗ ಬಂತು. ಪರೀಕ್ಷೆಯ ದಿನ ಮಾತ್ರ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಪಕ್ಕದಲ್ಲಿ ಇನ್‌ಸ್ಪೆಕ್ಟರ್ ಕೂತಿದ್ದ, ಗ್ರಹದಕ್ಕ ಕೆಳಗೆ ನಿಂತಿದ್ದಳು. ಬಿಳಿ ಗೆರೆಯ ಹತ್ತಿರ ನಿಲ್ಲಬೇಕಾದ ಕಾರು ಗೆರೆ ದಾಟಿ ಸಾವಕಾಶವಾಗಿ ಮುಂದೆ ಹೋಯಿತು. ಕೆಲವು ದಿನ ಬಿಟ್ಟು ನಡೆದ ಎರಡನೆಯ ಪರೀಕ್ಷೆಯಲ್ಲಿ ಗೆರೆಯ ಮುಂದೆ ಎಷ್ಟು ಜೋರಾಗಿ ನಿಂತಿತೆಂದರೆ ಇನ್‌ಸ್ಪೆಕ್ಟರ್ ಹಣೆ ಉಜ್ಜಿಕೊಳ್ಳುತ್ತ ಇಳಿದ. ಬ್ರೇಕು ಎಲ್ಲಿದೆ ಎಂದು ಇವರಿಗೆ ತೋರಿಸಿದ್ದೀರಾ ಎಂದು ಗ್ರಹದಕ್ಕನನ್ನು ಕೇಳಿದ. ಅವಳಿಗೆ ಅವಮಾನವಾಯಿತು, ಆದರೆ ಆಶ್ಚರ್ಯವಾಗಲಿಲ್ಲ. ಸೋತ ಕುಜ ಬೇರೇನು ಮಾಡುತ್ತಾನೆ?

ಆ ದಿನ ವಾಪಸು ಬರುವಾಗ ಆಯಾ ಬೆರಳು ಮಡಿಸಿ ದಿನ ಎಣಿಸಿದಳು. ಶಾಲೆ ತೆರೆಯಲು ಇನ್ನು ಸ್ವಲ್ಪವೇ ದಿನ ಉಳಿದಿತ್ತು, ಅಷ್ಟರಲ್ಲಿ ಸಿಗುವುದು ಇನ್ನೊಂದೇ ಪರೀಕ್ಷೆ.

"ಅಕ್ಕ, ನೀವು ಮೊದಲೇ ಹೇಳಿದ್ರಿ, ನಂದು ಕುಜ ಬಲ ಇಲ್ಲ ಅಂತ," ಎಂದಳು. "ಅದಕ್ಕೆ ಏನೂ ಮಾಡೋಕಾಗಲ್ವಾ? ಇಲ್ಲ ಅಂದ್ರೆ ಹೇಳ್ಬಿಡಿ, ನಾನು ಆ ಕೆಲಸದ ಆಸೆ ಬಿಡ್ತೀನಿ."

ಗ್ರಹದಕ್ಕ ಏನೋ ಸಮಾಧಾನ ಹೇಳಿದಳು. ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆ ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡಳು.

ಆ ವಾರ ಗಂಡ ಕಾರನ್ನು ಕೆಳಗೆ ಮೇಲೆ ಮಾಡಿ ನೋಡುತ್ತಿದ್ದ. ಕಲಿಸುವ ಕಾರಿನಲ್ಲಿ ಬ್ರೇಕಿನ ಪೆಡಲು ಎರಡು, ಕಲಿಯುವವರ ಕಡೆಗೊಂದು, ಕಲಿಸುವವರ ಕಡೆಗೊಂದು. ಎರಡಕ್ಕೂ ಒಂದೇ ಕೊಂಡಿ. ಇಲ್ಲಿ ಒತ್ತಿದರೆ ಅಲ್ಲಿನದೂ ತಗ್ಗುತ್ತದೆ. ಗಂಡ ಅವಳನ್ನು ಕರೆದು ಎರಡೂ ಪೆಡಲುಗಳ ರಬ್ಬರು ತೋರಿಸಿದ. ಎರಡನ್ನೂ ಒಂದೇ ದಿನ ಹಾಕಿದ್ದು. ಕಲಿಯುವವರ ಕಡೆಯದರ ಗೆರೆಗಳು ಇನ್ನೂ ಎದ್ದು ಕಾಣುತ್ತಿದ್ದವು. ಅವಳ ಕಡೆಯದು ಸವೆದು ನುಣ್ಣಗಾಗಿತ್ತು.

"ಓಡಿಸೋರು ಯಾರ್ಯಾರೋ ನಂಗೊತ್ತಿಲ್ಲ," ಎಂದ ಅವನು. "ನಿಲ್ಲಿಸೋಳು ಮಾತ್ರ ನೀನೇ."

ಅವನಿಗೆ ಅದೊಂದು ತಮಾಷೆ. ಹೊಸ ರಬ್ಬರು ತರಲು ಪೇಟೆಗೆ ಹೋದ. ಗ್ರಹದಕ್ಕ ಅಲ್ಲೇ ನಿಂತಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವಳ ಕಣ್ಣು ತನ್ನ ಪಾದದ ಮೇಲೆ ಹೋಯಿತು. ನಾನು ಅಷ್ಟು ಒತ್ತುವುದಿಲ್ಲವಲ್ಲ, ತೀರ ಅಪಾಯ ಬಂದರೆ ಮಾತ್ರ ತಾನೇ? ಅಥವಾ ಒತ್ತುತ್ತೇನೆಯೇ? ಬೇರೆಯವರಾಗಿದ್ದರೆ ಈ ಪ್ರಶ್ನೆಯನ್ನು ಅಲ್ಲೇ ಬಿಟ್ಟು ಒಳಗೆ ಹೋಗುತ್ತಿದ್ದರು. ಅವಳ ಬುಧ ಬಿಡಬೇಕಲ್ಲ.

ಮರುದಿನ ಬೆಳಿಗ್ಗೆ ತನ್ನ ಕಡೆಯ ಹೊಸ ಪೆಡಲಿನ ಮೇಲೆ ಸೀಮೆಸುಣ್ಣ ಪುಡಿ ಮಾಡಿ ಸವರಿದಳು. ಚಪ್ಪಲಿಯ ತಳ ತೊಳೆದು ಒರೆಸಿಕೊಂಡಳು. ಮೊದಲು ಬಂದವನು ಮಾಂಸದಂಗಡಿಯವನ ಮಗ, ಕುಜ ಉಚ್ಚ, ಮಾತೇ ಇಲ್ಲ. ಪಾಠ ಮುಗಿದ ಮೇಲೆ ಇಳಿದು ಚಪ್ಪಲಿ ತಿರುಗಿಸಿ ನೋಡಿದಳು. ಸ್ವಚ್ಛವಾಗಿತ್ತು. ಎರಡನೆಯವಳು ಆಯಾ. ಅವಳ ಪಾಠದುದ್ದಕ್ಕೂ ಗ್ರಹದಕ್ಕ ತಾನು ಒತ್ತುತ್ತಿಲ್ಲ ಎಂದೇ ನಂಬಿದ್ದಳು. ಇಳಿದು ನೋಡಿದರೆ ತಳವೆಲ್ಲ ಬೆಳ್ಳಗೆ.

ಅವಳು ಇನ್ನೆರಡು ದಿನ ಪುಡಿ ಸವರಿ ನೋಡಿದಳು. ಅಂಜುಕುಳಿ ಎಂದು ಜಾತಕ ಹೇಳಿದವರ ಪಾಠಕ್ಕೆ ಚಪ್ಪಲಿ ಬಿಳಿ, ಧೈರ್ಯವಂತರ ಪಾಠಕ್ಕೆ ಶುಭ್ರ. ತಪ್ಪದೆ ಹಾಗೇ ಆಗುತ್ತಿತ್ತು. ಧೈರ್ಯವಂತರಿಗೆ ತಾವೇ ಹೆದರಿ ತಾವೇ ನಿಲ್ಲಿಸಲಿ ಎಂದು ಬಿಡುತ್ತಿದ್ದಳು, ಅವರು ಕಲಿಯುತ್ತಿದ್ದರು. ಉಳಿದವರಿಗೆ, ಪಾಪ ಇವರ ಕೈಲಿ ಆಗದು ಎಂದು, ಅವರು ಒತ್ತುವ ಮೊದಲೇ ಇವಳ ಕಾಲು ಮೆತ್ತಗೆ ಒತ್ತುತ್ತಿತ್ತು. ಅವರ ಪೆಡಲು ತಾನಾಗಿ ತಗ್ಗುತ್ತಿತ್ತು, ಇಷ್ಟು ಮುಟ್ಟಿದರೆ ಸಾಕು ಕಾರು ನಿಲ್ಲುತ್ತದೆ ಎಂದು ಅವರು ತಿಳಿಯುತ್ತಿದ್ದರು. ಪರೀಕ್ಷೆಯಲ್ಲಿ ಪಕ್ಕದಲ್ಲಿ ಕೂತ ಇನ್‌ಸ್ಪೆಕ್ಟರನ ಕಾಲು ಆ ಪೆಡಲು ಮುಟ್ಟದೆ ಮಡಿಸಿಕೊಂಡೇ ಇರುತ್ತಿತ್ತು.

ಹಾಗಾದರೆ ಇಷ್ಟು ವರ್ಷ ನಿಜವಾದದ್ದು ಗ್ರಹಗಳ ಬಲವೋ ತನ್ನ ಕಾಲಿನ ಬಲವೋ? ಸೋದರಮಾವ ಬದುಕಿದ್ದರೆ ಓಡಿಹೋಗಿ ಕೇಳುತ್ತಿದ್ದಳು. ಅವಳಿಗೆ ಶಾಸ್ತ್ರದ ಮೇಲೆ ಸಿಟ್ಟು ಬರಲಿಲ್ಲ. ಕುಜ ನೀಚನಾಗಿದ್ದದ್ದು ಸುಳ್ಳಲ್ಲ, ಬೇಕಾದರೆ ಇನ್ನೂರು ಸಲ ಲೆಕ್ಕ ಮಾಡಿ ತೋರಿಸಿಯಾಳು. ಆದರೆ ಆ ಲೆಕ್ಕ ಮುಗಿದ ಕಡೆ ಮನುಷ್ಯರನ್ನು ನೋಡುವುದನ್ನೂ ತಾನು ಮುಗಿಸಿಬಿಟ್ಟಿದ್ದೆ ಎಂಬುದು ಅವಳನ್ನು ಚುಚ್ಚಿತು. ಲಾರಿಯ ಮುಂದೆ ಕೈ ಅಡ್ಡ ಹಿಡಿದವಳಿಗೆ ಒಂದು ಪೆಡಲು ಒತ್ತಲು ಬಾರದು ಎಂದು ತಾನು ನಂಬಿದ್ದು ಹೇಗೆ?

ಮುಂದಿನ ಪಾಠಕ್ಕೆ ಅವಳು ಕಾರು ಹತ್ತಿ, ಚಪ್ಪಲಿ ಬಿಟ್ಟು, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಆಯಾ ವಿಚಿತ್ರವಾಗಿ ನೋಡಿದಳು. ಸೊಂಟ ನೋವು, ಹೀಗೆ ಕೂತರೆ ಹಿತ ಎಂದು ಗ್ರಹದಕ್ಕ ಸುಳ್ಳು ಹೇಳಿದಳು. ನಿಜ ಹೇಳಲು ಬಾಯಿ ಬರಲಿಲ್ಲ. ಮೊದಲ ತಿರುವಿನಲ್ಲಿ ಕಾರು ಗೆರೆ ದಾಟಿಯೇ ನಿಂತಿತು. ಎರಡನೆಯದರಲ್ಲಿ ಗಕ್ಕನೆ ನಿಂತು ಇಬ್ಬರೂ ಮುಂದಕ್ಕೆ ಬಾಗಿದರು. ಇದೇನು, ಬ್ರೇಕು ಇವತ್ತು ಗಟ್ಟಿಯಾಗಿದೆಯಲ್ಲ ಎಂದಳು ಆಯಾ. ಹೊಸ ರಬ್ಬರು ಹಾಕಿಸಿದ್ದೀವಿ ಎಂದಳು ಗ್ರಹದಕ್ಕ, ಅದು ಅರ್ಧ ನಿಜ. ಇಳಿಜಾರಿನಲ್ಲಿ ಹೋಗುತ್ತಿದ್ದಾಗ ಗೋದಾಮೊಂದರ ಬಾಗಿಲಿನಿಂದ ಸಾಮಾನು ತುಂಬಿದ ಗಾಡಿಯೊಂದು ನೋಡನೋಡುತ್ತಲೇ ಹಿಂದಕ್ಕೆ ಬಂದು ರಸ್ತೆಗೆ ಅಡ್ಡವಾಯಿತು. ಗ್ರಹದಕ್ಕ ಮಡಿಸಿದ ಕಾಲನ್ನು ಎರಡೂ ಕೈಯಿಂದ ಹಿಡಿದುಕೊಂಡು ಕಣ್ಣು ಮುಚ್ಚಿದಳು. ಕಣ್ಣು ಬಿಟ್ಟಾಗ ಕಾರು ನಿಂತಿತ್ತು. ಆಯಾ ಕಿಟಕಿಯಿಂದ ತಲೆ ಹೊರಹಾಕಿ, ಹಿಂದೆ ನೋಡಿ ಬರಬೇಕೆಂಬ ಪರಿವೆ ಇಲ್ಲವೇ ಎಂದು ಗಾಡಿಯವನಿಗೆ ಮಂಗಳಾರತಿ ಮಾಡುತ್ತಿದ್ದಳು. ಅದು ವ್ಯಾನಿನ ಮಕ್ಕಳನ್ನು ಗದರಿಸುವ ದನಿ. ಗ್ರಹದಕ್ಕ ಆ ದನಿಯನ್ನು ಈ ಕಾರಿನೊಳಗೆ ಕೇಳಿದ್ದು ಅದೇ ಮೊದಲು.

ಮೂರನೆಯ ಪರೀಕ್ಷೆಗೆ ಅದೇ ಇನ್‌ಸ್ಪೆಕ್ಟರ್ ಬಂದ. ಹತ್ತುವ ಮೊದಲು ಹಣೆ ಮುಟ್ಟಿಕೊಂಡ. ಬಿಳಿ ಗೆರೆಯ ಹತ್ತಿರ ಕಾರು ತೊಟ್ಟಿಲು ನಿಲ್ಲಿಸಿದಷ್ಟು ಮೆತ್ತಗೆ ನಿಂತಿತು, ಗೆರೆಗೆ ಒಂದಿಷ್ಟು ಈಚೆಗೇ. ಅವನು ಸಹಿ ಹಾಕಿ ಹೋದ.

ಆಯಾಳ ಮುಖ ನೋಡಬೇಕಿತ್ತು. ನಗುತ್ತಿದ್ದಳು, ಕಣ್ಣು ಒರೆಸಿಕೊಳ್ಳುತ್ತಿದ್ದಳು, ಮಗಳಿಗೆ ಫೋನು ಮಾಡಿ ಏನು ಹೇಳಬೇಕೆಂದು ತಿಳಿಯದೆ ಇಟ್ಟುಬಿಟ್ಟಳು. ಲೈಸೆನ್ಸಿನ ಕೆಲಸವೆಲ್ಲ ಮುಗಿದು ಕಾರ್ಡು ಅವಳ ಕೈಗೆ ಬಂದ ದಿನ, ಇಬ್ಬರೂ ಪರೀಕ್ಷೆಯ ಮೈದಾನದ ಪಕ್ಕ ಕಾರು ನಿಲ್ಲಿಸಿ ಚಹಾ ಕುಡಿದರು. ಮತ್ತೆ ಕಾರು ಹತ್ತಿ ಸ್ಟೇರಿಂಗಿನ ಹಿಂದೆ ಕೂತ ಮೇಲೆ ಆಯಾ ಕೇಳಿದಳು, "ಈಗ ಹೇಳಿ ಅಕ್ಕ. ಯಾವ ಗ್ರಹ ಕೈ ಹಿಡೀತು?"

ಉತ್ತರಗಳೇನು ಬರವೇ? ದಶೆ ಬದಲಾಯಿತು ಎನ್ನಬಹುದಿತ್ತು. ಗೋಚಾರದಲ್ಲಿ ಗುರು ನೋಡಿದ ಎನ್ನಬಹುದಿತ್ತು. ಯಾವುದನ್ನು ಹೇಳಿದ್ದರೂ ಆಯಾ ನಂಬುತ್ತಿದ್ದಳು, ಜನ್ಮಪೂರ್ತಿ ಗ್ರಹದಕ್ಕನನ್ನು ಕೊಂಡಾಡುತ್ತಿದ್ದಳು. ಗ್ರಹದಕ್ಕ ತನ್ನ ಕಡೆಯ ಪೆಡಲಿನತ್ತ ಬೆರಳು ತೋರಿಸಿದಳು.

"ಗ್ರಹಗಳೆಲ್ಲ ಇದ್ದಲ್ಲೇ ಇವೆ," ಎಂದಳು. "ನಿನ್ನ ಬ್ರೇಕನ್ನ ಇಷ್ಟು ದಿನ ನಾನು ಒತ್ತುತ್ತಿದ್ದೆ. ನಿನ್ನ ಕೈಲಿ ಆಗಲ್ಲ ಅಂದ್ಕೊಂಡು. ಎರಡು ಸಲ ಫೇಲಾಗಿದ್ದು ನೀನಲ್ಲ, ನಾನು. ಈ ಸಲ ಕಾಲು ತೆಗೆದೆ, ಅಷ್ಟೇ."

ಆಯಾ ಅವಳನ್ನೇ ನೋಡಿದಳು. ಸೊಂಟ ನೋವಿನ ಸುಳ್ಳು, ಮಡಿಸಿದ ಕಾಲು, ಗಟ್ಟಿಯಾದ ಬ್ರೇಕು ಎಲ್ಲ ಅವಳ ತಲೆಯಲ್ಲಿ ಒಂದೊಂದಾಗಿ ಕೂಡಿಕೊಳ್ಳುತ್ತಿದ್ದದ್ದು ಮುಖದಲ್ಲೇ ಕಾಣುತ್ತಿತ್ತು. ನಗು ಹೋಗಿತ್ತು.

"ಮಗಳಿಗೆ ಗೊತ್ತಾಗದ ಹಾಗೆ ಅತ್ತಿದ್ದೀನಿ ಅಕ್ಕ," ಎಂದಳು. "ನಾನು ಹುಟ್ಟಿದ್ದೇ ಹೀಗೆ ಅಂತ." ಕೀಲಿ ತಿರುಗಿಸಿ, "ಇಳೀರಿ" ಎಂದಳು.

ಗ್ರಹದಕ್ಕ ಇಳಿದಳು. ಕಾರು ಹೊರಟಿತು, ಮೈದಾನದ ಗೇಟು ದಾಟಿ ದೊಡ್ಡ ರಸ್ತೆಗೆ ಸೇರಿ ಬಸ್ಸೊಂದರ ಹಿಂದೆ ಮರೆಯಾಯಿತು. ಆ ಹೆಂಗಸು ಬದುಕಿನಲ್ಲಿ ಮೊದಲ ಸಲ ಒಬ್ಬಳೇ ಕಾರಿನಲ್ಲಿ ಹೋಗಿದ್ದಳು, ಅದೂ ಸಿಟ್ಟಿನಲ್ಲಿ. ಗ್ರಹದಕ್ಕ ಧೂಳಿನಲ್ಲಿ ನಿಂತು ರಸ್ತೆಯ ಕಡೆ ನೋಡಿದಳು. ಹೆದರಿಕೆಯಾಗುತ್ತಿತ್ತು. ನಾಚಿಕೆಯೂ ಆಗುತ್ತಿತ್ತು. ವಾಪಸು ಬರುತ್ತಾಳೋ, ಕಾರನ್ನು ಎಲ್ಲೋ ಬಿಟ್ಟು ಮನೆಗೆ ನಡೆಯುತ್ತಾಳೋ, ಬಂದು ನಾಲ್ಕು ಜನರ ಮುಂದೆ ಬೈಯುತ್ತಾಳೋ? ಊಹಿಸಲು ನೋಡಿದಳು, ಆಗಲಿಲ್ಲ. ಇವಳ ಜಾತಕದ ಮೂಲೆಮೂಲೆ ಬಾಯಿಪಾಠವಿತ್ತು, ಇವಳು ಮುಂದೆ ಏನು ಮಾಡುತ್ತಾಳೆಂದು ಮಾತ್ರ ಗೊತ್ತಿರಲಿಲ್ಲ. ಯಾರು ಈ ಹೆಂಗಸು ಎಂದು ಗ್ರಹದಕ್ಕನಿಗೆ ಆಗ ನಿಜವಾಗಿ ತಿಳಿಯಬೇಕು ಅನ್ನಿಸಿತು.

ಚಹಾದಂಗಡಿಯವನು ಲೋಟ ತೊಳೆದು ಜೋಡಿಸಿ ಮುಗಿಸುವ ಹೊತ್ತಿಗೆ ಗೇಟಿನಲ್ಲಿ ಕಾರು ಕಂಡಿತು. ಸರಿಯಾದ ಗೇರಿನಲ್ಲಿ, ಹಿಡಿತದಲ್ಲಿ ಬಂದು ಗ್ರಹದಕ್ಕನ ಪಕ್ಕದಲ್ಲೇ ನಿಂತಿತು. ಅವಳು ಅಭ್ಯಾಸದಂತೆ ಮುಂದಿನ ಬಾಗಿಲಿಗೆ ಕೈ ಹಾಕಿದಳು.

ಒಳಗಿನಿಂದ ಆಯಾ ಬೇಡ ಎಂದು ತಲೆಯಾಡಿಸಿದಳು.

"ಮನೆಗೆ ಬಿಡ್ತೀನಿ ಅಕ್ಕ, ಹತ್ತಿ. ಹಿಂದೆ ಕೂತ್ಕೊಳ್ಳಿ."

ಗ್ರಹದಕ್ಕ ಹಿಂದಿನ ಬಾಗಿಲು ತೆಗೆದು ಕೂತಳು.